ಬೆಂಗಳೂರಿನ ದುಡಿಮೆ, ಚಿಯಾಂಗ್ ಮಾಯ್‌ನ ಮನೆ

ಇಂದಿರಾನಗರದಲ್ಲಿ ಒಂದು ಬೆಡ್‌ರೂಮಿನ ಮನೆಗೆ ಕೊಡುವ ಬಾಡಿಗೆಗಿಂತ ಕಡಿಮೆ ದುಡ್ಡಿಗೆ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಮಂಚ, ಏಸಿ, ವೈಫೈ, ಕೆಳಗೊಂದು ಈಜುಕೊಳ ಇರುವ ಸ್ಟುಡಿಯೊ ಸಿಗುತ್ತದೆ. ಮನೆಯಿಂದ ಕೆಲಸ ಮಾಡುವ ಟೆಕ್ಕಿಗಳ ತಲೆಯಲ್ಲಿ ಹುಳ ಬಿಡುವುದು ಇದೇ ಲೆಕ್ಕ. ಲೆಕ್ಕ ಸುಳ್ಳೇನಲ್ಲ. ಈ ಅಂಕಣಕಾರ ಅಲ್ಲಿನ ನಿಮ್ಮಾನ್ ಬಡಾವಣೆಯಲ್ಲಿ ತಿಂಗಳಿಗೆ 11,000 ಬಾತ್, ಅಂದರೆ ಸುಮಾರು 30 ಸಾವಿರ ರೂಪಾಯಿ ಬಾಡಿಗೆ ಕೊಟ್ಟುಕೊಂಡು ಇದ್ದವನೇ. ಅಡ್ವಾನ್ಸ್ ಕೇಳಿದ್ದು ಎರಡೇ ತಿಂಗಳದ್ದು. ಹತ್ತು ತಿಂಗಳದ್ದು ಕೊಟ್ಟು ರೂಢಿಯಾದವರಿಗೆ ಅದೇ ದೊಡ್ಡ ಸಮಾಧಾನ. ಕರೆಂಟ್ ಬಿಲ್ ಮಾತ್ರ ಮಾಲೀಕ ಹೇಳಿದ ದರಕ್ಕೆ, ಯೂನಿಟ್ಟಿಗೆ 7 ಬಾತ್. ಸರ್ಕಾರಿ ದರಕ್ಕಿಂತ ಅದು ಎಷ್ಟೋ ಹೆಚ್ಚು.

ಆದರೆ ಅಲ್ಲಿ ಕೂತು ಇಲ್ಲಿನ ದುಡ್ಡು ಎಣಿಸುವವರ ಉಳಿತಾಯ ಬಾಡಿಗೆಯ ಮೇಲೆ ನಿಂತಿಲ್ಲ. ಯಾವ ದೇಶದಲ್ಲಿ, ಯಾವ ತಿಂಗಳಲ್ಲಿ, ಎಷ್ಟು ದಿನ ಇದ್ದಿರಿ ಎಂಬುದರ ಮೇಲೆ ನಿಂತಿದೆ.

ದಿನ ಎಣಿಸುವ ಮೊದಲು ವೀಸಾ ಬೇಕಲ್ಲ. 2020ರಲ್ಲಿ ಎಸ್ಟೋನಿಯಾ, ತನ್ನ ನೆಲದಲ್ಲಿ ಕೂತು ಹೊರದೇಶದ ಕೆಲಸ ಮಾಡಲು ಬಿಡುವ ಡಿಜಿಟಲ್ ನೊಮ್ಯಾಡ್ ವೀಸಾ ಶುರುಮಾಡಿದ ಮೇಲೆ ಹತ್ತಾರು ದೇಶಗಳು ಅದೇ ದಾರಿ ಹಿಡಿದವು. ಕೇಳುವ ಆದಾಯ ಒಂದೊಂದು ಕಡೆ ಒಂದೊಂದು. ದುಬೈಗೆ ತಿಂಗಳಿಗೆ 3,500 ಡಾಲರ್ ಸಂಬಳ ಬೇಕು. ಪೋರ್ಚುಗಲ್‌ನ ಡಿ8 ವೀಸಾಕ್ಕೆ ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು. ಇಂಡೊನೇಷ್ಯಾ ವರ್ಷಕ್ಕೆ 60,000 ಡಾಲರ್ ಕೇಳಿದರೆ, ಮಲೇಷ್ಯಾ ಟೆಕ್ ಕೆಲಸದವರಿಗೆ 24,000ಕ್ಕೇ ಒಪ್ಪುತ್ತದೆ. ಥಾಯ್ಲೆಂಡ್ 2024ರ ಜುಲೈನಲ್ಲಿ ತಂದ ಡಿಟಿವಿ ವೀಸಾ ಉಳಿತಾಯದ ಮೇಲೆ ಕಣ್ಣಿಡುತ್ತದೆ: ಖಾತೆಯಲ್ಲಿ 5 ಲಕ್ಷ ಬಾತ್ ತೋರಿಸಬೇಕು, ಅಂದರೆ ಹದಿಮೂರು ಹದಿನಾಲ್ಕು ಲಕ್ಷ ರೂಪಾಯಿಯ ಆಸುಪಾಸು. ವೀಸಾ ಐದು ವರ್ಷದ್ದು. ಒಂದು ಸಲ ಒಳಗೆ ಹೋದರೆ 180 ದಿನ ಇರಬಹುದು. ಥಾಯ್ ಕಂಪನಿಗೆ ದುಡಿಯುವಂತಿಲ್ಲ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆಯಷ್ಟೇ ಮುಂದಿರುವುದರಿಂದ ಬೆಂಗಳೂರಿನ ಮೀಟಿಂಗ್‌ಗಳಿಗೆ ನಿದ್ದೆಗೆಡಬೇಕಿಲ್ಲ.

ದುಡ್ಡು ಹೊಂದಿಸುವುದಕ್ಕಿಂತ ಕಷ್ಟವಾದದ್ದು, ಅಲ್ಲಿಂದ ಕೆಲಸ ಮಾಡಬಹುದೆಂದು ವೀಸಾಕ್ಕೆ ತೋರಿಸಬೇಕಾದ ಕಂಪನಿಯ ಪತ್ರ. “ನೀವು ಎಲ್ಲಿಂದ ಬೇಕಾದ್ರೂ ಲಾಗಿನ್ ಆಗಿ ಸರ್. ಲೆಟರ್‌ಹೆಡ್ ಮೇಲೆ ಬರ್ಕೊಡಿ ಅಂದ್ರೆ ಮಾತ್ರ ಲೀಗಲ್‌ನವರು ಒಪ್ಪಲ್ಲ” ಅಂದರು ಎಚ್‌ಆರ್ ಮೇಡಂ. ಅವರ ಹೆದರಿಕೆಗೂ ಕಾರಣವಿದೆ. ನೌಕರ ಬೇರೆ ದೇಶದಲ್ಲಿ ಕೂತು ಕೆಲಸ ಮಾಡಿದರೆ, ಕಂಪನಿಗೇ ಅಲ್ಲೊಂದು ಶಾಖೆ ಇದೆಯೆಂದು ಆ ದೇಶದ ತೆರಿಗೆಯವರು ವಾದಿಸಬಹುದು. ಕೊನೆಗೆ ಈ ಅಂಕಣಕಾರ ನೌಕರಿ ಬಿಟ್ಟು ಅದೇ ಕಂಪನಿಗೆ ಕನ್ಸಲ್ಟೆಂಟ್ ಆದ. ಕಾಂಟ್ರಾಕ್ಟ್ ತೋರಿಸಿ ವೀಸಾ ಸಿಕ್ಕಿತು. ಪಿಎಫ್, ಗ್ರಾಚ್ಯುಟಿ, ಗ್ರೂಪ್ ಮೆಡಿಕ್ಲೇಮ್ ಮೂರೂ ಕೈಬಿಟ್ಟವು. ಬಿಲ್ಲಿನಲ್ಲಿ ಶೇ 10 ಟಿಡಿಎಸ್ ಮುರಿದುಕೊಂಡೇ ಹಣ ಬರುತ್ತದೆ, ವರ್ಷದ ಬಿಲ್ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇರೆ. ತಿಂಗಳ ಮೊತ್ತ ಹಳೆಯ ಸಂಬಳದಷ್ಟೇ ಇದ್ದರೆ ಅದು ನಷ್ಟದ ವ್ಯಾಪಾರ, ಚೌಕಾಸಿ ಮಾಡಲೇಬೇಕು.

ಈಗ ದಿನಗಳ ಲೆಕ್ಕ. ಥಾಯ್ಲೆಂಡಿನ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್. ಅದರಲ್ಲಿ 180 ದಿನ ಅಲ್ಲಿದ್ದರೆ ಅಲ್ಲಿನ ತೆರಿಗೆ ನಿವಾಸಿ. 2024ರಿಂದೀಚೆ ಹೊರದೇಶದಲ್ಲಿ ಗಳಿಸಿ ಒಳಗೆ ತಂದ ಹಣಕ್ಕೆ ಅಲ್ಲಿ ತೆರಿಗೆ. ನಮ್ಮ ವರ್ಷ ಏಪ್ರಿಲ್‌ನಿಂದ ಮಾರ್ಚ್. 182 ದಿನ ಇಲ್ಲಿದ್ದರೆ ಇಲ್ಲಿನ ನಿವಾಸಿ, ಜಗತ್ತಿನಲ್ಲಿ ಎಲ್ಲಿ ದುಡಿದರೂ ಇಲ್ಲಿ ಲೆಕ್ಕ ಕೊಡಬೇಕು.

ಅಕ್ಟೋಬರ್ 1ಕ್ಕೆ ಹೋಗಿ 180 ದಿನ ಇದ್ದು ಮಾರ್ಚ್ ಕೊನೆಗೆ ಮರಳುವವರನ್ನು ನೋಡಿ. 92 ದಿನ ಒಂದು ಥಾಯ್ ವರ್ಷಕ್ಕೆ ಬಿತ್ತು, 88 ದಿನ ಮುಂದಿನದಕ್ಕೆ. ಎರಡರಲ್ಲೂ ಗಡಿ ದಾಟಲಿಲ್ಲ. ಭಾರತದಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 183 ದಿನ ಆಗಿಹೋಗಿದೆ. ನಿವಾಸಿಯಾಗಿರುವುದು ಒಂದೇ ದೇಶದಲ್ಲಿ. ಅದೇ ವ್ಯಕ್ತಿ ಜನವರಿ 1ಕ್ಕೆ ಹೋಗಿ ಜೂನ್ 29ರವರೆಗೆ ಇದ್ದರೆ? ದಿನ ಅಷ್ಟೇ, ಬಾಡಿಗೆಯೂ ಅಷ್ಟೇ. ಆದರೆ ಈಗ ಎರಡೂ ದೇಶಗಳಲ್ಲಿ ತೆರಿಗೆ ನಿವಾಸಿ. ಎರಡು ದೇಶಗಳ ನಡುವೆ ಒಪ್ಪಂದ ಇರುವುದರಿಂದ ಒಂದೇ ಆದಾಯಕ್ಕೆ ಎರಡು ಸಲ ತೆರಿಗೆ ಕಟ್ಟುವುದು ತಪ್ಪೀತು. ಎರಡು ಕಡೆಯ ಆಡಿಟರ್ ಫೀಸು ತಪ್ಪುವುದಿಲ್ಲ. ಅಲ್ಲೇ ಕೂತು ಮಾಡಿದ ಕೆಲಸದ ಆದಾಯ ಅಲ್ಲಿನದೇ ಎಂಬ ವಾದವೂ ಇರುವುದರಿಂದ ಹೊರಡುವ ಮೊದಲೇ ಆಡಿಟರನ್ನು ಕಾಣುವುದು ವಾಸಿ.

“ವರ್ಷಪೂರ್ತಿ ಹೊರಗಿದ್ದು ಎನ್‌ಆರ್‌ಐ ಆಗಿಬಿಟ್ರೆ ಯಾರಿಗೂ ಕಟ್ಟೋದು ಬೇಡ” ಎನ್ನುವ ಜಾಣರೂ ಇದ್ದಾರೆ. ಅವರಿಗಾಗಿಯೇ 2020-21ರಿಂದ ಒಂದು ನಿಯಮವಿದೆ: ಭಾರತದ ಮೂಲದ ಆದಾಯ 15 ಲಕ್ಷ ದಾಟಿ, ಬೇರಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯನ್ನು ಇಲ್ಲಿನ ನಿವಾಸಿಯೆಂದೇ ಭಾವಿಸಲಾಗುತ್ತದೆ.

ಸಣ್ಣ ಸೋರಿಕೆಗಳೂ ಇವೆ. ನಮ್ಮ ಬಹುತೇಕ ಕಾರ್ಡುಗಳು ವಿದೇಶಿ ಖರ್ಚಿಗೆ ಶೇ 3.5 ಮಾರ್ಕಪ್, ಅದರ ಮೇಲೆ ಶೇ 18 ಜಿಎಸ್‌ಟಿ ಹಾಕುತ್ತವೆ; ಲಕ್ಷಕ್ಕೆ 4,130 ರೂಪಾಯಿ. ಮಾರ್ಕಪ್ ಇಲ್ಲದ ಕಾರ್ಡನ್ನು ಇಲ್ಲಿಂದಲೇ ಮಾಡಿಸಿಕೊಂಡು ಹೋಗಬೇಕು. ಥಾಯ್ ಎಟಿಎಂಗಳು ಪ್ರತಿ ಸಲ ಸುಮಾರು 220 ಬಾತ್ ಕೀಳುತ್ತವೆ: 2,000 ತೆಗೆದರೆ ಶೇ 11, 20,000 ತೆಗೆದರೆ ಶೇ 1.1. ಕೊನೆಯಲ್ಲಿ ಪರದೆಯ ಮೇಲೆ ‘ರೂಪಾಯಿಯಲ್ಲೇ ಕಡಿತ ಮಾಡಲೇ?’ ಎಂದು ಬಲು ವಿನಯದಿಂದ ಕೇಳುತ್ತದೆ. ಬೇಡ ಎನ್ನಿ. ಒಪ್ಪಿದರೆ ಎಟಿಎಂನ ಬ್ಯಾಂಕು ತನಗೆ ಬೇಕಾದ ದರ ಹಾಕಿಕೊಳ್ಳುತ್ತದೆ.

ಮೆಡಿಕ್ಲೇಮ್ ಎರಡು ಬೇಕು, ಇಲ್ಲಿಗೊಂದು, ಅಲ್ಲಿಗೊಂದು. ಇಲ್ಲಿನ ಸಾಮಾನ್ಯ ಪಾಲಿಸಿ ಅಲ್ಲಿ ನಡೆಯದು, ಹಾಗೆಂದು ಅದನ್ನು ನಿಲ್ಲಿಸಿದರೆ ಹಳೆಯ ಕಾಯಿಲೆಗಳ ಕಾಯುವ ಅವಧಿ, ಮೂರು ವರ್ಷದವರೆಗೂ, ಮೊದಲಿಂದ ಶುರುವಾಗುತ್ತದೆ.

ಇಷ್ಟೆಲ್ಲ ಕೂಡಿ ಕಳೆದರೆ ಅಕ್ಟೋಬರ್–ಮಾರ್ಚ್ ಅವಧಿಯೇ ಲೇಸು ಎನ್ನಿಸುತ್ತದೆ. ತೊಡಕಿರುವುದು ಫೆಬ್ರುವರಿಯಲ್ಲಿ. ಆಗಿನಿಂದ ಏಪ್ರಿಲ್‌ವರೆಗೆ ಹೊಲ, ಕಾಡುಗಳಿಗೆ ಬೆಂಕಿ ಬಿದ್ದು ಚಿಯಾಂಗ್ ಮಾಯ್ ಹೊಗೆಯಲ್ಲಿ ಮುಳುಗುತ್ತದೆ. ಬಾಲ್ಕನಿ ಬಾಗಿಲು ತೆರೆಯುವಂತಿಲ್ಲ. ಅನುಕೂಲ ಇರುವವರು ಗುಳೆ ಎದ್ದು ಸಮುದ್ರದ ಕಡೆಗೆ ಇಳಿಯುತ್ತಾರೆ, ಅಲ್ಲಿ ಆಗ ಪ್ರವಾಸಿಗಳ ಸೀಸನ್. ಹುವಾ ಹಿನ್‌ನಲ್ಲಿ ಅಷ್ಟೇ ದೊಡ್ಡ ಕೋಣೆಗೆ ಈ ಅಂಕಣಕಾರನಿಂದ ಕೇಳಿದ್ದು ಒಂದೂವರೆ ಪಟ್ಟು ಬಾಡಿಗೆ. ಆರು ತಿಂಗಳ ಕರಾರಿಗೆ ಸಹಿ ಹಾಕಿದವರು ನಡುವೆ ಬಿಟ್ಟರೆ ಅಡ್ವಾನ್ಸೂ ಹೋಗುತ್ತದೆ. ತಿಂಗಳಿಗೆ ಸಾವಿರ ಬಾತ್ ಹೆಚ್ಚಾದರೂ ನಾಲ್ಕೇ ತಿಂಗಳ ಕರಾರು ಕೇಳಿ, ಉಳಿದ ಎರಡು ತಿಂಗಳಿಗೆ ಸೀಸನ್ ದರವನ್ನೇ ಬರೆದುಕೊಂಡು ಬಜೆಟ್ ಹಾಕಿ.