ಹಸಿರು ಕವರಿನ ಕಾಗದ

ಚನ್ನರಾಯಪಟ್ಟಣ
ಭಾನುವಾರ ಬೆಳಿಗ್ಗೆ

ಚಿರಂಜೀವಿ ನಯನಾಗೆ ತಾತನ ಅನಂತ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಹಿಡಿದಾಗಿನಿಂದ ಅಜ್ಜಿಗೆ ಮಂಡಿ ನೋವು ಕೊಂಚ ಜಾಸ್ತಿ, ಅಷ್ಟೇ. ಹಿಂದೆಲ್ಲ ಕಾಗದದ ಈ ಜಾಗದಲ್ಲಿ ‘ಆಗಿಂದಾಗ್ಗೆ ಪತ್ರ ಬರೆಯುತ್ತಿರತಕ್ಕದ್ದು’ ಎಂದು ಬರೆಯುವುದು ವಾಡಿಕೆ. ನಿನಗೆ ಹಾಗೆ ಬರೆಯುವುದಿಲ್ಲ. ಫೋನ್ ಮಾಡುತ್ತಿರು, ನಿನ್ನ ದನಿ ಕೇಳಿದರೆ ಸಾಕು. ಇದನ್ನು ಅಕ್ಷರ ದೊಡ್ಡದು ಮಾಡಿ, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಬರೆಯುತ್ತಿದ್ದೇನೆ. ಬರೆದಾದ ಮೇಲೆ ನಾನೇ ಓದಿ ನಿನ್ನ ವಾಟ್ಸ್ಯಾಪ್‌ಗೂ ಹಾಕುತ್ತೇನೆ. ಓದಲು ದಣಿವಾದರೆ ಕಣ್ಣು ಮುಚ್ಚಿಕೊಂಡು ಕೇಳು.

ನಿನ್ನ ಚಿಕ್ಕಮ್ಮ ಹೇಳಿದಳು. ಅರ್ಥಶಾಸ್ತ್ರದ ಮೊದಲ ಟೆಸ್ಟಿನಲ್ಲಿ ಕೊನೆಯ ಎರಡು ಪ್ರಶ್ನೆಗಳನ್ನು ಮುಟ್ಟಲೇ ಇಲ್ಲವಂತೆ. ಗೊತ್ತಿರಲಿಲ್ಲ ಅಂತಲ್ಲ, ಗಂಟೆ ಹೊಡೆದುಬಿಟ್ಟಿತು. ಉತ್ತರ ಪತ್ರಿಕೆಯ ಮೇಲೆ ಕೆಂಪು ಶಾಯಿಯಲ್ಲಿ ‘ಅಜಾಗರೂಕತೆ’ ಎಂದು ಬರೆದಿದ್ದರಂತೆ. ಆ ಪದವನ್ನು ಓದಲಿಕ್ಕೇ ನಿನಗೆ ಎಷ್ಟು ಹೊತ್ತು ಹಿಡಿಯಿತೋ, ಕಂದ. ‘ಪ್ರಿನ್ಸಿಪಾಲರಿಗೆ ಹೇಳೋಣ’ ಎಂದು ಅವಳು ಅಂದರೆ, ‘ಈ ಕಾಲೇಜಲ್ಲಿ ಯಾರಿಗೂ ಹೇಳಬೇಡಿ, ನನ್ನ ಪಾಡಿಗೆ ನನ್ನ ಬಿಡಿ’ ಎಂದು ಬಾಗಿಲು ಹಾಕಿಕೊಂಡೆಯಂತೆ. ನಿನ್ನ ಮೇಲೆ ನನಗೆ ಕೋಪವಿಲ್ಲ. ಆದರೆ ನಿನ್ನೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ, ಹಳೆಯ ಹುಡುಗನೊಬ್ಬ ಕಣ್ಣ ಮುಂದೆ ಬಂದು ನಿಂತಿದ್ದ.

ಅವನ ಹೆಸರು ಬೇಡ. ನಾನು ಮೇಷ್ಟ್ರಾಗಿ ಎರಡನೆಯ ವರ್ಷ, 1984 ಇರಬೇಕು. ಒಂಬತ್ತನೇ ತರಗತಿಯವನು. ಒಂದು ಸಲ ಕಥೆ ಹೇಳಿದರೆ ಸಾಕು, ವಾರದ ಮೇಲೂ ಒಂದು ಮಾತು ಬಿಡದೆ ಒಪ್ಪಿಸುತ್ತಿದ್ದ. ಶಾಲೆಯ ಬೋರಿನ ಮೋಟರು ಕೆಟ್ಟರೆ ಅವನನ್ನೇ ಕರೆಯುತ್ತಿದ್ದೆವು. ಉಕ್ತಲೇಖನ ಬರೆಸಿದರೆ ಮಾತ್ರ ‘ಪರೀಕ್ಷೆ’ ಎಂಬ ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ಥರ ಬರೆಯುತ್ತಿದ್ದ. ನಾನು ಅದನ್ನು ಸೋಮಾರಿತನ ಎಂದುಕೊಂಡೆ. ನೂರು ಸಲ ಬರೆದುಕೊಂಡು ಬಾ ಎಂದೆ. ತಂದ. ಮೊದಲ ಹತ್ತು ಸಾಲು ಚೊಕ್ಕವಾಗಿದ್ದವು. ಕೊನೆಯ ಹತ್ತರಲ್ಲಿ ದೀರ್ಘ ಹಾರಿಹೋಗಿತ್ತು, ಷಕಾರದ ಒತ್ತು ಇನ್ನೆಲ್ಲೋ ಬಿದ್ದಿತ್ತು. ಬರೆದಷ್ಟೂ ಕೆಡುತ್ತಿದೆ ಎಂದರೆ ಇಲ್ಲೇನೋ ಬೇರೆ ಕಾರಣವಿದೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಇನ್ನೂ ನೂರು ಸಲ ಎಂದೆ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದ, ಮತ್ತೆ ಕಟ್ಟಲಿಲ್ಲ.

ಸುಮಾರು ಇಪ್ಪತ್ತು ವರ್ಷ ಕಳೆದ ಮೇಲೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ನನ್ನ ಮೊಣಕೈ ಮುಟ್ಟಿ, ‘ಸಾರ್, ಆ ಬಸ್ಸಿನ ಬೋರ್ಡು ನೋಡಿ ಹೇಳ್ತೀರಾ, ಕನ್ನಡಕ ಮರೆತು ಬಂದೆ’ ಎಂದರು. ತಿರುಗಿ ನೋಡಿದರೆ ಅವನು. ನನ್ನನ್ನು ಗುರುತಿಸಿದ ಕೂಡಲೇ ಅವನ ಮುಖ ಹೇಗಾಯಿತೆಂದರೆ, ನಾನೇ ತಲೆ ತಗ್ಗಿಸಿದೆ. ಕನ್ನಡಕ ಹಾಕುವ ವಯಸ್ಸಲ್ಲ ಅವನದು. ಇಪ್ಪತ್ತು ವರ್ಷದಿಂದ ದಿನಾ ಒಂದೊಂದು ನೆಪ ಹೇಳಿಕೊಂಡು ಬದುಕುತ್ತಿದ್ದ. ಅವನಿಗೆ ಬಚ್ಚಿಡುವುದನ್ನು ಕಲಿಸಿದವನು ನಾನು.

ಇಷ್ಟಾದರೂ ನಿನ್ನ ವಿಷಯದಲ್ಲಿ ನಾನು ತಪ್ಪಿದೆ. ನೀನು ಮೂರನೇ ತರಗತಿಯಲ್ಲಿದ್ದಾಗ ಬೇಸಿಗೆ ರಜೆಗೆ ಆರು ಕಾಪಿ ಪುಸ್ತಕ ತಂದಿಟ್ಟವನು ನಾನೇ ಅಲ್ಲವೇ? ಮಾವಿನಹಣ್ಣು ತಿನ್ನುವ ಹೊತ್ತಿನಲ್ಲಿ ನಿನ್ನನ್ನು ಜಗಲಿಯಲ್ಲಿ ಕೂರಿಸಿ ಪ, ಷ, ಫ ತಿದ್ದಿಸುತ್ತಿದ್ದೆ. ನಿನಗೆ ‘ಸೂರ್ಯ’ ಬರೆಯಲು ಬರಲೇ ಇಲ್ಲ. ಈಗ ಯೋಚಿಸಿದರೆ ಆ ಪದ ಎಷ್ಟು ಕಷ್ಟದ್ದು! ನಾಲಿಗೆ ರಕಾರವನ್ನು ಮೊದಲು ಹೇಳುತ್ತದೆ, ಕೈ ಯಕಾರವನ್ನು ಮೊದಲು ಬರೆದು ಆಮೇಲೆ ಅರ್ಕಾವೊತ್ತು ಎಳೆಯಬೇಕು. ‘ತ’ಕ್ಕೂ ಅದರ ಒತ್ತಿಗೂ ರೂಪದಲ್ಲಿ ಸಂಬಂಧವೇ ಇಲ್ಲ. ಮೂವತ್ನಾಲ್ಕು ವರ್ಷ ಕನ್ನಡ ಪಾಠ ಮಾಡಿದ ನಾನು ಇದನ್ನು ಒಮ್ಮೆಯೂ ಮಗುವಿನ ಕಡೆಯಿಂದ ನೋಡಿರಲಿಲ್ಲ.

ನೀನು ಒಂಬತ್ತನೇ ತರಗತಿಗೆ ಬಂದ ಮೇಲೆ ನಿಮ್ಮಮ್ಮ ಹಟ ಹಿಡಿದು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದಳು. ಬುದ್ಧಿಗೆ ಏನೂ ಕೊರತೆಯಿಲ್ಲ, ಅಕ್ಷರಕ್ಕೂ ಅದರ ಸದ್ದಿಗೂ ಗಂಟು ಹಾಕುವ ಕೆಲಸ ಈ ಮಗುವಿನ ಮಿದುಳಿನಲ್ಲಿ ನಿಧಾನ, ಅದು ಹುಟ್ಟಿನಿಂದ ಬಂದದ್ದು ಎಂದು ಅಲ್ಲಿ ಬಿಡಿಸಿ ಹೇಳಿದರಂತೆ. ಡಿಸ್ಲೆಕ್ಸಿಯಾ ಎಂಬ ಪದ ನಮ್ಮ ಮನೆಗೆ ಬಂದದ್ದು ಆವತ್ತು. ಅದನ್ನು ಕೇಳಿದ ರಾತ್ರಿ ನೀನು ಎರಡು ಸಲ ಅನ್ನ ಹಾಕಿಸಿಕೊಂಡು ಊಟ ಮಾಡಿದೆ, ನೆನಪಿದೆಯಾ?

ಕಾನೂನಿಗೂ ಇದು ತಡವಾಗಿಯೇ ಕಂಡಿತು. 1995ರ ಕಾಯ್ದೆಯಲ್ಲಿ ಅಂಗವೈಕಲ್ಯ ಎಂದರೆ ಏಳೇ ಬಗೆ, ನಿನ್ನಂಥವರ ಹೆಸರೇ ಇರಲಿಲ್ಲ. 2016ರಲ್ಲಿ ಹೊಸ ಕಾಯ್ದೆ ಬಂದು ಇಪ್ಪತ್ತೊಂದಾದಾಗ ಕಲಿಕಾ ನ್ಯೂನತೆಯೂ ಸೇರಿತು. ಹೆಚ್ಚಿನ ಸಮಯ, ಬರೆಯುವವರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ, ಇವೆಲ್ಲ ಆ ಕಾಯ್ದೆಯಲ್ಲೇ ಇವೆ. ಗಂಟೆಗೆ ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಸಮಯ ಕೊಡಬೇಕು ಎಂದು 2018ರ ಮಾರ್ಗಸೂಚಿ ಹೇಳಿತು. ಮೂರು ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ. ನಿನ್ನ ಕೈಬಿಟ್ಟುಹೋದ ಆ ಎರಡು ಪ್ರಶ್ನೆಗಳು ಆ ಒಂದು ಗಂಟೆಯಲ್ಲಿವೆ, ಮಗು.

‘ನನಗಿಂತ ಕಷ್ಟದಲ್ಲಿರೋರಿಗೆ ಅದು ಸಿಗಲಿ’ ಎಂದೆಯಂತೆ. ನಿನ್ನ ಮನಸ್ಸು ದೊಡ್ಡದು, ನನಗೆ ಗೊತ್ತು. ಆದರೆ ನೀನು ಬಿಟ್ಟ ಗಂಟೆಯನ್ನು ಯಾರೂ ಇನ್ನೊಬ್ಬ ಹುಡುಗಿಗೆ ದಾಟಿಸುವುದಿಲ್ಲ, ಅದು ಸುಮ್ಮನೆ ಹಾಳಾಗುತ್ತದೆ. ಕಷ್ಟ ಹೆಚ್ಚೋ ಕಡಿಮೆಯೋ ಎಂದು ಅಳೆಯುವುದರ ಬಗ್ಗೆಯೇ 2021ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಬರೆಯಲು ಹೋದರೆ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರು ಐಎಎಸ್ ಪರೀಕ್ಷೆಗೆ ಬರೆಯುವವರ ನೆರವು ಕೇಳಿದ್ದರು. ನಿಮಗೆ ಶೇಕಡಾ 40ರಷ್ಟು ನ್ಯೂನತೆ ಇಲ್ಲ ಎಂದು ಪರೀಕ್ಷೆ ನಡೆಸುವವರು ನಿರಾಕರಿಸಿದ್ದರು. ಶೇಕಡಾವಾರು ಹಿಡಿದು ನೆರವು ತಪ್ಪಿಸುವಂತಿಲ್ಲ, ಆ ವ್ಯಕ್ತಿಗೆ ಬರೆಯಲು ತೊಂದರೆಯಿದೆಯೋ ಇಲ್ಲವೋ ನೋಡಿ ಎಂದಿತು ನ್ಯಾಯಾಲಯ. ಪತ್ರಿಕೆಯಲ್ಲಿ ಬಂದ ಆ ಸುದ್ದಿಯನ್ನು ಕತ್ತರಿಸಿ ಪಂಚಾಂಗದೊಳಗೆ ಇಟ್ಟುಕೊಂಡಿದ್ದೇನೆ.

ಎಸ್ಸೆಸ್ಸೆಲ್ಸಿಗೆ ಮುಂಚೆ ನಾವು ಪಟ್ಟ ಪಾಡು ನೆನಪಿಸಿಕೋ. ನಿನಗೆ ಬರೆದುಕೊಡಲು ಒಪ್ಪಿದ ಎದುರುಮನೆಯ ಒಂಬತ್ತನೇ ತರಗತಿಯ ಹುಡುಗಿ ಮೊದಲ ದಿನ ಹಲಗೆ ಹಿಡಿದು ಕೂತಳು. ನೀನು ಒಂದೇ ಉಸಿರಿಗೆ ದ್ಯುತಿಸಂಶ್ಲೇಷಣೆಯ ಉತ್ತರವನ್ನೆಲ್ಲ ಹೇಳಿಬಿಟ್ಟೆ. ಅವಳು ಎರಡನೆಯ ಸಾಲಿನಲ್ಲೇ ನಿಂತಿದ್ದಳು. ಆಮೇಲೆ ನೀನು ಅವಳ ಪೆನ್ನಿನ ತುದಿ ನೋಡುತ್ತಾ ಹೇಳಬೇಕಾದ್ದನ್ನೇ ಮರೆತೆ. ಮರುದಿನ ಕಿಟಕಿಯ ಕಡೆ ಮುಖ ಮಾಡಿ ಕೂತೆ. ನಾಲ್ಕೈದು ಪದ ಹೇಳಿ ನಿಲ್ಲಿಸುವುದು, ‘ಇಲ್ಲಿ ಹೊಸ ಪ್ಯಾರಾ’ ಎನ್ನುವುದು, ಕೊನೆಗೆ ‘ಒಂದು ಸಲ ಓದಿ ಹೇಳು’ ಎಂದು ಕೇಳುವುದು, ಇವನ್ನೆಲ್ಲ ನೀನೇ ಕಂಡುಕೊಂಡೆ. ಕೈಗೆ ಹತ್ತಲು ಎರಡು ತಿಂಗಳು ಹಿಡಿಯಿತು. ಪರೀಕ್ಷಾ ಕೇಂದ್ರದಲ್ಲಿ ನಿಮ್ಮಿಬ್ಬರನ್ನು ಪ್ರತ್ಯೇಕ ಕೋಣೆಯಲ್ಲಿ ಕೂರಿಸಿದ್ದರು. ಹೊರಗೆ ಬಂದವಳೇ ‘ತಾತ, ಎಲ್ಲಾ ಹೇಳಿದೆ’ ಎಂದೆ. ‘ಬರೆದೆ’ ಎನ್ನಲಿಲ್ಲ. ಎಲ್ಲ ಹೇಳಿದೆ ಎಂದೆ. ಮನೆಗೆ ಬರುವ ತನಕ ನಾನು ಕಣ್ಣೊರೆಸಿಕೊಳ್ಳುತ್ತಲೇ ಇದ್ದೆ.

ಅದಕ್ಕೇ ಒಂದೇ ಒಂದು ಮಾತು ಕೇಳಿಕೊಳ್ಳುತ್ತೇನೆ. ನಿನ್ನ ಡಿಸ್ಲೆಕ್ಸಿಯಾದ ಪ್ರಮಾಣಪತ್ರವನ್ನು ಈ ವಾರವೇ ಕಾಲೇಜಿಗೆ ಕೊಡು, ನೀನೇ ಕೊಡು. ಎರಡನೇ ಪಿಯುಸಿಗೆ ಬಂದಾಗ ನೋಡೋಣ ಎಂದು ಮುಂದೂಡಬೇಡ. ನಿನ್ನ ಅರ್ಜಿ ಪ್ರಿನ್ಸಿಪಾಲರ ಮೂಲಕವೇ ಪರೀಕ್ಷಾ ಮಂಡಳಿಗೆ ಹೋಗಬೇಕು. ಕೊನೆಯ ಗಳಿಗೆಯಲ್ಲಿ ಓಡಿದರೆ ಬರೆಯುವವರು ಸಿಗುವುದಿಲ್ಲ, ಸಿಕ್ಕರೂ ರೂಢಿಯಾಗಿರುವುದಿಲ್ಲ. ಪಿಯುಸಿಯ ಉತ್ತರಗಳು ಉದ್ದ, ಹೇಳಿ ಬರೆಸುವುದೂ ಕಷ್ಟ. ಎರಡು ವರ್ಷ ಅದಕ್ಕೇ ಬೇಕು. ತರಗತಿಯಲ್ಲಿ ಎಲ್ಲರಿಗೂ ಸಾರಬೇಕಿಲ್ಲ. ಗೆಳತಿಯರಿಗೆ ಹೇಳುವುದೂ ಬಿಡುವುದೂ ನಿನ್ನಿಷ್ಟ. ಪಾಠ ಮಾಡುವವರಿಗೆ ಗೊತ್ತಿರಲಿ. ಗೊತ್ತಿಲ್ಲದ ಮೇಷ್ಟ್ರು ಏನು ಮಾಡುತ್ತಾನೆ ಎಂಬುದಕ್ಕೆ ನಾನೇ ಸಾಕ್ಷಿ.

ಪ್ರಮಾಣಪತ್ರ ಹಸಿರು ಕವರಿನಲ್ಲಿದೆ, ನಿನ್ನ ಸೂಟ್‌ಕೇಸಿನ ಅಡಿಯಲ್ಲಿ ನಿಮ್ಮಮ್ಮ ಇಟ್ಟದ್ದು. ನಾಲ್ಕು ಜೆರಾಕ್ಸ್ ಮಾಡಿಸು. ಮೂಲಪ್ರತಿ ತೋರಿಸಿ ವಾಪಸ್ ತೆಗೆದುಕೋ, ಯಾರಿಗೂ ಬಿಟ್ಟು ಬರಬೇಡ. ಜೆರಾಕ್ಸ್ ಕೊಟ್ಟದ್ದಕ್ಕೆ ಸ್ವೀಕೃತಿಯ ಸೀಲು ಹಾಕಿಸಿಕೋ. ಹದಿನಾಲ್ಕರಲ್ಲಿ ಮಾಡಿಸಿದ ಪತ್ರ ಅದು, ಹದಿನೆಂಟು ತುಂಬಿದಾಗ ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕು, ಆಗ ಕೊಡುವುದು ಜೀವನಪೂರ್ತಿಗೆ. ಅದಕ್ಕೆ ಇನ್ನೂ ಎರಡು ವರ್ಷವಿದೆ, ನಾನು ಕ್ಯಾಲೆಂಡರಿನ ಹಿಂದೆ ಗುರುತು ಹಾಕಿದ್ದೇನೆ.

ಗುರುವಾರ ಬೆಳಿಗ್ಗೆ ಆರೂವರೆ ಬಸ್ಸಿಗೆ ಹೊರಟು ಬರುತ್ತೇನೆ. ಪ್ರಿನ್ಸಿಪಾಲರ ಕೋಣೆಗೆ ನೀನೊಬ್ಬಳೇ ಹೋಗು, ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಬೇಡವೆಂದರೆ ಗೇಟಿನ ಆಚೆ ಟೀ ಅಂಗಡಿಯಲ್ಲಿ ಕಾಯುತ್ತೇನೆ, ಯಾವುದೆಂದು ಫೋನ್ ಮಾಡಿ ಹೇಳು. ಅಜ್ಜಿ ಕೋಡುಬಳೆ ಕರಿಯಲು ಹಿಟ್ಟು ಬೀಸಿಸಿಕೊಂಡು ಬಂದಿದ್ದಾಳೆ.

ಇತಿ,
ನಿನ್ನ ಪ್ರೀತಿಯ ತಾತ