ರೆಸ್ಯೂಮ್ ಇರುವಾಗ ಕವರ್ ಲೆಟರ್ ಯಾಕೆ?

ಪ್ರಶ್ನೆ: ಬಿ.ಕಾಂ. ಮುಗಿಸಿ ನಮ್ಮೂರಿನ ಆಡಿಟರ್ ಆಫೀಸಿನಲ್ಲಿ ನಾಲ್ಕು ವರ್ಷ ಟ್ಯಾಲಿ, ಜಿಎಸ್‌ಟಿ ಕೆಲಸ ಮಾಡಿದೆ. ಮಗು ಹುಟ್ಟಿದ ಮೇಲೆ ಎರಡು ವರ್ಷ ಕೆಲಸ ಬಿಟ್ಟಿದ್ದೆ. ಈಗ ಬೆಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕುತ್ತಿದ್ದೇನೆ. ರೆಸ್ಯೂಮ್‌ನಲ್ಲಿ ಎಲ್ಲವೂ ಇರುವಾಗ ಕವರ್ ಲೆಟರ್ ಯಾಕೆ? ಅದರಲ್ಲಿ ಬರೆಯುವುದಾದರೂ ಏನು?
– ಓದುಗರು, ದಾವಣಗೆರೆ

ಉತ್ತರ: ಎಲ್ಲ ಕಡೆಯೂ ಬೇಕಾಗಿಲ್ಲ. ಪೋರ್ಟಲ್‌ನಲ್ಲಿ ‘ಅಪ್ಲೈ’ ಒತ್ತಿದರೆ ಮುಗಿಯಿತು, ಪತ್ರಕ್ಕೆ ಜಾಗವೇ ಇಲ್ಲ ಎಂದಾದರೆ ಆ ಗೋಜಿಗೆ ಹೋಗಬೇಡಿ. ಇ-ಮೇಲ್ ಮಾಡಿ ಎಂದಿದ್ದರೆ ಮಾತ್ರ ಖಂಡಿತ ಬರೆಯಿರಿ. ಅದರಲ್ಲೂ ನೀವು ಬರೆಯಲೇಬೇಕು. ರೆಸ್ಯೂಮ್‌ನಲ್ಲಿ ಎಲ್ಲವೂ ಇದೆ ಎನ್ನುತ್ತೀರಿ. ಆ ಎರಡು ವರ್ಷ ಇಲ್ಲವಲ್ಲ. ಕಾರಣ ನೀವು ಹೇಳದಿದ್ದರೆ ಓದುವವರು ತಾವೇ ಒಂದನ್ನು ಊಹಿಸಿಕೊಳ್ಳುತ್ತಾರೆ.

ನಮ್ಮಲ್ಲಿ ಬಹಳ ಜನರ ಅರ್ಜಿ ಹೆಡ್‌ಮಾಸ್ತರರಿಗೆ ಬರೆದ ರಜಾ ಚೀಟಿಯಿಂದ ಮುಂದೆ ಬಂದೇ ಇಲ್ಲ. ಅದೇ ‘ರೆಸ್ಪೆಕ್ಟೆಡ್ ಸರ್’, ಅದೇ ‘ಯುವರ್ಸ್ ಒಬೀಡಿಯೆಂಟ್ಲಿ’. ನಡುವೆ ಕಷ್ಟಪಟ್ಟು ದುಡಿಯುತ್ತೇನೆ, ಬೇಗ ಕಲಿಯುತ್ತೇನೆ, ದಯವಿಟ್ಟು ಒಂದು ಅವಕಾಶ ಕೊಡಿ ಎಂಬ ಮೊರೆ. ಇದನ್ನು ಓದಿದವರಿಗೆ ನಿಮ್ಮಿಂದ ತಮ್ಮ ಯಾವ ಕೆಲಸ ಆದೀತು ಎಂಬುದು ತಿಳಿಯುವುದೇ ಇಲ್ಲ.

1482ರ ಸುಮಾರಿಗೆ ಲಿಯೊನಾರ್ಡೊ ಡಾ ವಿಂಚಿ ಮಿಲಾನಿನ ಅಧಿಪತಿ ಲುಡೊವಿಕೊ ಸ್ಫೋರ್ಜಾನಲ್ಲಿ ಕೆಲಸ ಕೇಳಿದ ಪತ್ರದ ಕರಡು ಇಂದಿಗೂ ಇದೆ. ಅದರ ತುಂಬ ಹೊತ್ತೊಯ್ಯಬಹುದಾದ ಹಗುರ ಸೇತುವೆ, ಫಿರಂಗಿ, ಕೋಟೆ ಕೆಡಹುವ ಉಪಾಯಗಳೇ. ತಾನು ಚಿತ್ರ ಬರೆಯಬಲ್ಲೆ ಎಂಬ ಮಾತು ಬರುವುದು ಕೊನೆಕೊನೆಗೆ. ಯುದ್ಧದ ಕಾಲದ ದೊರೆಗೆ ಯಾವುದರ ಚಿಂತೆ ಎಂದು ಆತನಿಗೆ ಗೊತ್ತಿತ್ತು. (ಹೇಳಿಕೊಂಡದ್ದನ್ನೆಲ್ಲ ಅಷ್ಟರೊಳಗೆ ಮಾಡಿ ನೋಡಿದ್ದನೇ ಎಂಬುದು ಬೇರೆ ಮಾತು. ಅದರಲ್ಲಿ ಅವನನ್ನು ಅನುಸರಿಸಬೇಡಿ.)

ಅಕೌಂಟ್ಸ್ ವಿಭಾಗದ ಚಿಂತೆ ಏನೆಂದು ನಿಮಗೆ ನಾನು ಹೇಳಬೇಕಿಲ್ಲ. ತಿಂಗಳ ರಿಟರ್ನ್ ಆದರೆ 11ಕ್ಕೆ ಜಿಎಸ್‌ಟಿಆರ್-1, 14ಕ್ಕೆ 2ಬಿ ಬರುತ್ತದೆ, 20ಕ್ಕೆ 3ಬಿ. ಸಪ್ಲೈಯರ್ ತನ್ನ ರಿಟರ್ನ್‌ನಲ್ಲಿ ಬಿಲ್ ತೋರಿಸದಿದ್ದರೆ ಅದು 2ಬಿಯಲ್ಲಿ ಕಾಣುವುದಿಲ್ಲ, ಕಂಪನಿಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಅದು ನೇರವಾಗಿ ದುಡ್ಡಿನ ಪ್ರಶ್ನೆ. ಆದ್ದರಿಂದ ‘ಜಿಎಸ್‌ಟಿ ಚೆನ್ನಾಗಿ ಗೊತ್ತು’ ಎನ್ನುವ ಬದಲು ಹೀಗೆ ಬರೆಯಿರಿ: ‘ಪ್ರತಿ ತಿಂಗಳೂ ಖರೀದಿ ಲೆಕ್ಕವನ್ನು 2ಬಿ ಜೊತೆ ತಾಳೆ ನೋಡಿ, ಬಾರದ ಬಿಲ್‌ಗಳ ಪಟ್ಟಿ ಮಾಡಿ, ಸಪ್ಲೈಯರ್‌ಗಳಿಗೆ ಫೋನ್ ಮಾಡಿ ಮುಂದಿನ ರಿಟರ್ನ್‌ನಲ್ಲಿ ಹಾಕಿಸುವುದು ನನ್ನ ಜವಾಬ್ದಾರಿಯಾಗಿತ್ತು.’ ಎಷ್ಟು ಪಾರ್ಟಿಗಳ ಲೆಕ್ಕ ನೋಡುತ್ತಿದ್ದಿರಿ ಎಂಬುದನ್ನೂ ಸೇರಿಸಿ. ಆಡಿಟರ್ ಆಫೀಸು ಚಿಕ್ಕದು ಎಂಬ ಸಂಕೋಚ ಬೇಡ. ಅಕ್ಕಿ ಗಿರಣಿಯಿಂದ ಬಟ್ಟೆ ಅಂಗಡಿಯವರೆಗೆ ನಾನಾ ವ್ಯಾಪಾರದ ಪುಸ್ತಕಗಳು ಒಂದೇ ಮೇಜಿಗೆ ಬರುವುದು ಅಲ್ಲಿಯೇ.

ಬಿಟ್ಟ ಎರಡು ವರ್ಷಕ್ಕೆ ಒಂದೇ ವಾಕ್ಯ ಸಾಕು: ‘ಮಗುವನ್ನು ನೋಡಿಕೊಳ್ಳಲು ಕೆಲಸ ಬಿಟ್ಟಿದ್ದೆ, ಈಗ ಪೂರ್ತಿ ದಿನ ದುಡಿಯಲು ಸಿದ್ಧಳಿದ್ದೇನೆ.’ ತಪ್ಪೊಪ್ಪಿಗೆಯ ದನಿ ಬೇಡ. ಅವರ ನಿಜವಾದ ಅನುಮಾನ ಇರುವುದು ಈ ನಡುವೆ ನೀವು ಹಿಂದೆ ಬಿದ್ದಿದ್ದೀರೋ ಎಂಬ ಬಗ್ಗೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ಶೇ 12ರ ಹಂತ ಹೋಗಿ, ಹೆಚ್ಚಿನ ಸರಕುಗಳು ಶೇ 5 ಇಲ್ಲವೇ ಶೇ 18ಕ್ಕೆ ಬಂದಿವೆ. ಹೊಸ ದರಗಳನ್ನು ಟ್ಯಾಲಿಯಲ್ಲಿ ಹಾಕಿ ಅಭ್ಯಾಸ ಮಾಡಿದ್ದರೆ ಹೇಳಿ. ಮಾಡಿಲ್ಲವೆಂದರೆ ಪತ್ರ ನಾಳೆ ಬರೆದರಾಯಿತು, ಇವತ್ತು ಅದನ್ನು ಕಲಿಯಿರಿ.

ಇನ್ನು ಉಳಿದದ್ದು ಸಣ್ಣಪುಟ್ಟದ್ದು. ಪತ್ರವನ್ನು ಮೇಲ್‌ನಲ್ಲೇ ಬರೆಯಿರಿ, ಮೂರು ಪ್ಯಾರಾ ದಾಟದಿರಲಿ. ರೆಸ್ಯೂಮ್ ಪಿಡಿಎಫ್ ಆಗಿ ಜೊತೆಗಿರಲಿ. ಸಬ್ಜೆಕ್ಟ್ ಸಾಲಿನಲ್ಲಿ ಹುದ್ದೆಯ ಹೆಸರು, ನಿಮ್ಮ ಹೆಸರು. ತಂದೆಯ ಹೆಸರು, ಹುಟ್ಟಿದ ದಿನ ಬೇಡ. ಕೇಳದಿದ್ದರೆ ಸಂಬಳದ ಮಾತೂ ಬೇಡ. ಚಾಟ್‌ಜಿಪಿಟಿಯಿಂದ ಇಂಗ್ಲಿಷ್ ತಿದ್ದಿಸಿಕೊಳ್ಳಿ, ಬರೆಸಿಕೊಳ್ಳಬೇಡಿ: ಇಂಟರ್‌ವ್ಯೂನಲ್ಲಿ ಆ ಇಂಗ್ಲಿಷ್ ಆಡಬೇಕಾದವರು ನೀವು. ಹಳೆಯ ಮೇಲ್ ಕಾಪಿ ಮಾಡಿದ್ದರೆ ಕಂಪನಿಯ ಹೆಸರು ಬದಲಾಗಿದೆಯೇ ಎಂದು ಎರಡು ಸಲ ನೋಡಿ. ವಾರ ಕಳೆದರೂ ಉತ್ತರ ಬಾರದಿದ್ದರೆ ಅದೇ ಮೇಲ್‌ಗೆ ಎರಡು ಸಾಲಿನ ನೆನಪೋಲೆ ಕಳಿಸಬಹುದು. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.