ಪುಟ್ಟ ಮಕ್ಕಳ ಮೈಮೇಲಿನ ಗಾಯ: ಬಿದ್ದದ್ದೋ, ಹೊಡೆದದ್ದೋ?

ನಡೆಯಲು ಕಲಿಯುವ ಮಗು ಬೀಳುವುದು ಸಹಜ. ಹಣೆ, ಗದ್ದ, ಮೊಣಕಾಲು ಇಂಥ ಕಡೆ ತರಚುಗಾಯ, ನೀಲಿ ಕಲೆ ಕಂಡರೆ ಗಾಬರಿ ಬೇಡ. ಆದರೆ ಕೆಲವು ಗಾಯಗಳು ಬಿದ್ದು ಆಗುವಂಥವಲ್ಲ. ಯಾರೋ ಹೊಡೆದು, ಹಿಂಡಿ, ಸುಟ್ಟು ಮಾಡಿದವು. ಮಾತು ಬಾರದ ಕೂಸು ಅದನ್ನು ಹೇಳಲಾರದು. ನಾವೇ ನೋಡಿ ತಿಳಿಯಬೇಕು.

ಹಿಂದೆ ವೈದ್ಯರೂ ಇದನ್ನು ಗುರುತಿಸುತ್ತಿರಲಿಲ್ಲ. 1946ರಲ್ಲಿ ಅಮೆರಿಕದ ಡಾ. ಜಾನ್ ಕ್ಯಾಫಿ ಅವರು, ತಲೆಯೊಳಗೆ ರಕ್ತಸ್ರಾವವಾಗಿದ್ದ ಆರು ಕೂಸುಗಳಲ್ಲಿ ಕೈಕಾಲಿನ ಮೂಳೆ ಮುರಿತವನ್ನೂ ಎಕ್ಸ್-ರೇಯಲ್ಲಿ ಕಂಡರು. 1962ರಲ್ಲಿ ಡಾ. ಹೆನ್ರಿ ಕೆಂಪೆ ಮತ್ತು ಸಂಗಡಿಗರು ಇಂಥ ಗಾಯಗಳಿಗೆ ಹೊಡೆತ ಕಾರಣವಾಗಿರಬಹುದೆಂದು ಸ್ಪಷ್ಟವಾಗಿ ಬರೆದ ಮೇಲೆ ವೈದ್ಯಲೋಕ ಎಚ್ಚೆತ್ತಿತು.

ಎಚ್ಚರಿಕೆಯ ಗುರುತುಗಳು

1. ನಾಲ್ಕು ತಿಂಗಳೊಳಗಿನ ಕೂಸಿನ ಮೈಮೇಲೆ ಎಲ್ಲಿಯೇ ಆಗಲಿ ಪೆಟ್ಟಿನ ಕಲೆ. ಸರಿಯಾಗಿ ಮಗುಚಿಕೊಳ್ಳಲೂ ಬಾರದ ಕೂಸು ತಾನಾಗಿ ಪೆಟ್ಟು ಮಾಡಿಕೊಳ್ಳುವುದು ಬಲು ಅಪರೂಪ.

2. ನಾಲ್ಕು ವರ್ಷದೊಳಗಿನ ಮಗುವಿನ ಎದೆ, ಹೊಟ್ಟೆ, ಬೆನ್ನು, ಕಿವಿ ಅಥವಾ ಕುತ್ತಿಗೆಯ ಮೇಲಿನ ಕಲೆ.

3. ಬೆರಳು, ಬೆಲ್ಟು, ಹಗ್ಗ ಅಥವಾ ಹಲ್ಲಿನ ಅಚ್ಚು.

4. ಬೀಡಿಯಿಂದ ಸುಟ್ಟಂಥ ದುಂಡನೆಯ ಗಾಯ. ಬಿಸಿನೀರಿನಲ್ಲಿ ಅದ್ದಿದಂತೆ, ಕಾಲುಚೀಲದ ಅಂಚಿನಂಥ ಗೆರೆಯಿರುವ ಸುಟ್ಟಗಾಯ. ಅಕಸ್ಮಾತ್ ಚೆಲ್ಲಿದ ನೀರು ಸಾಮಾನ್ಯವಾಗಿ ಅಲ್ಲಲ್ಲಿ ಚದುರಿ ಸುಡುತ್ತದೆ.

5. ಇನ್ನೂ ನಡೆಯದ ಕೂಸಿನ ಮೂಳೆ ಮುರಿತ.

6. ಗಾಯ ಹೇಗಾಯಿತೆಂದು ಒಬ್ಬೊಬ್ಬರು ಒಂದೊಂದು ರೀತಿ ಹೇಳುವುದು. ತಡಮಾಡಿ ಆಸ್ಪತ್ರೆಗೆ ತರುವುದು.

ಅಳು ನಿಲ್ಲಿಸಲೆಂದು ಕೂಸನ್ನು ಎಂದೂ ಜೋರಾಗಿ ಅಲುಗಾಡಿಸಬೇಡಿ. ಹೊರಗೆ ಗಾಯ ಕಾಣದಿದ್ದರೂ ಮಿದುಳಿನಲ್ಲಿ ರಕ್ತಸ್ರಾವವಾಗಿ ಪ್ರಾಣವೇ ಹೋಗಬಹುದು. ಸಿಟ್ಟು ಬಂದರೆ ಮಗುವನ್ನು ಸುರಕ್ಷಿತವಾಗಿ ಮಲಗಿಸಿ, ಸ್ವಲ್ಪ ಹೊತ್ತು ಆಚೆ ಹೋಗಿ. ಕಾಯಿಲೆಗೆಂದು ಬರೆ ಹಾಕಿಸುವುದೂ ಮಗುವಿಗೆ ಮಾಡುವ ಗಾಯವೇ. ಅದರಿಂದ ರೋಗ ವಾಸಿಯಾಗದು.

ದುಡುಕಬೇಡಿ

ನಮ್ಮ ಅನೇಕ ಮಕ್ಕಳಿಗೆ ಹುಟ್ಟಿನಿಂದಲೇ ಸೊಂಟ, ಬೆನ್ನಿನ ಮೇಲೆ ನೀಲಿ ಮಚ್ಚೆ ಇರುತ್ತದೆ. ಅದು ಪೆಟ್ಟಲ್ಲ. ರಕ್ತ ಹೆಪ್ಪುಗಟ್ಟದ ಕಾಯಿಲೆ, ಮೂಳೆ ಟೊಳ್ಳಾಗುವ ಕಾಯಿಲೆಗಳಲ್ಲೂ ಹೀಗೇ ಕಾಣಬಹುದು. ಅದಕ್ಕೇ ವೈದ್ಯರು ರಕ್ತಪರೀಕ್ಷೆ, ಎಕ್ಸ್-ರೇ ಮಾಡಿಸುತ್ತಾರೆ, ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಅದನ್ನು ಆಪಾದನೆ ಎಂದು ತಿಳಿಯಬೇಡಿ. ಇದ್ದದ್ದನ್ನು ಇದ್ದಂತೆ ಹೇಳಿ.

ನೀವು ಮಾಡಬೇಕಾದದ್ದು

ಅಜ್ಜಿ, ಅತ್ತೆ, ನೆರೆಮನೆಯವರು, ಅಂಗನವಾಡಿ ಕಾರ್ಯಕರ್ತೆ, ಯಾರ ಕಣ್ಣಿಗೆ ಬಿದ್ದರೂ ಸರಿ, ಚಿಕ್ಕ ಕಲೆ ಎಂದು ಬಿಡಬೇಡಿ. ಇಂದಿನ ಚಿಕ್ಕ ಕಲೆಯ ಹಿಂದೆಯೇ ನಾಳೆ ದೊಡ್ಡ ಪೆಟ್ಟು ಬರಬಹುದು. ಮಗುವನ್ನು ಕೂಡಲೇ ವೈದ್ಯರಿಗೆ ತೋರಿಸಿ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲಿರುಳು ಉಚಿತವಾಗಿ ಫೋನ್ ಮಾಡಬಹುದು. ಪೂರ್ತಿ ಖಚಿತವಾಗುವ ತನಕ ಕಾಯಬೇಕಾಗಿಲ್ಲ, ಅನುಮಾನವಿದ್ದರೆ ಸಾಕು.

ಮನೆಯ ಮಾನ ಹೋದೀತೆಂದು ಮುಚ್ಚಿಟ್ಟರೆ ಮಗುವಿನ ಪ್ರಾಣ ಹೋದೀತು. ಮಾನಕ್ಕಿಂತ ಮಗು ದೊಡ್ಡದು.